ಮಣ್ಣಿನ ಗುಣ, ಬೆಳೆಯ ಹಸಿವು

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಕಬ್ಬಿಗೆ ಹೆಸರಾದವು. ಅಲ್ಲಿಯ ನೀರಾವರಿ ಹೊಲಗಳ ಹಸಿರು ನೋಡುವವರ ಕಣ್ಣು ತಣಿಸುತ್ತದೆ. ಆದರೆ ಆ ಹಸಿರಿನ ನಡುವೆ ಅಲ್ಲಲ್ಲಿ ಬೇರೊಂದು ನೋಟವೂ ಕಾಣಸಿಗುತ್ತದೆ. ಕುಳೆ ಕಬ್ಬಿನ ಎಳೆಯ ಗರಿಗಳು ಹಳದಿಯಾಗಿ, ಅವುಗಳ ನರಗಳು ಮಾತ್ರ ಹಸಿರಾಗಿ ಉಳಿದಿರುತ್ತವೆ. ಕೆಲವೆಡೆ ಗರಿಯು ಪೂರ್ತಿಯಾಗಿ ಬಿಳಿಚಿಕೊಂಡಿರುತ್ತದೆ. ಗೊಬ್ಬರ ಸಾಲದಾಯಿತೆಂದು ರೈತನು ಇನ್ನೊಂದು ಚೀಲ ಯೂರಿಯಾ ತಂದು ಹಾಕುತ್ತಾನೆ. ಹಣ ವೆಚ್ಚವಾಗುತ್ತದೆ, ಗರಿಯ ಹಳದಿ ಹೋಗುವುದಿಲ್ಲ. ವಾಸ್ತವವಾಗಿ ಆ ಬೆಳೆಗೆ ಬೇಕಾದುದು ಕಬ್ಬಿಣ. ಆ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವೂ ಇಲ್ಲ. ಕಣಜದಲ್ಲಿ ಕಾಳು ತುಂಬಿದ್ದರೂ ಮನೆಯವರು ಉಪವಾಸವಿರುವಂತಹ ಈ ವಿಚಿತ್ರಕ್ಕೆ ಕಾರಣವೇನು?

ಗಿಡವು ನಮ್ಮಂತೆ ಅನ್ನವನ್ನು ಅಗಿದು ನುಂಗಲಾರದು. ಬೇರಿನ ಮೂಲಕ ಅದು ಹೀರಿಕೊಳ್ಳುವುದು ನೀರಿನಲ್ಲಿ ಕರಗಿದ ಪೋಷಕಾಂಶಗಳನ್ನು ಮಾತ್ರ. ಆದ್ದರಿಂದ ಮಣ್ಣಿನಲ್ಲಿ ಏನಿದೆ ಎಂಬುದು ಒಂದು ಪ್ರಶ್ನೆ. ಇರುವುದರಲ್ಲಿ ಎಷ್ಟು ಗಿಡದ ಪಾಲಿಗೆ ದೊರೆಯುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಹೇಳುವುದು ಮಣ್ಣಿನ ಹುಳಿ ಅಥವಾ ಕ್ಷಾರ ಗುಣ. ಇದನ್ನು ಅಳೆಯುವ ಮಾನಕ್ಕೆ ರಸಸಾರ ಅಥವಾ ಪಿ.ಎಚ್. ಎಂದು ಹೆಸರು. ಡೆನ್ಮಾರ್ಕಿನ ರಸಾಯನ ವಿಜ್ಞಾನಿ ಸೋರೆನ್ಸನ್ 1909ರಲ್ಲಿ ಈ ಮಾನವನ್ನು ಬಳಕೆಗೆ ತಂದನು. ಸಾಮಾನ್ಯವಾಗಿ 0ಯಿಂದ 14ರವರೆಗಿನ ಈ ಅಳತೆಯಲ್ಲಿ 7 ತಟಸ್ಥ ಬಿಂದು. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇದರ ಮೆಟ್ಟಿಲುಗಳು ಸಾಮಾನ್ಯವಾದವಲ್ಲ. ಒಂದು ಮೆಟ್ಟಿಲಿಳಿದರೆ ಆಮ್ಲತೆ ಹತ್ತು ಪಟ್ಟು, ಎರಡು ಮೆಟ್ಟಿಲಿಳಿದರೆ ನೂರು ಪಟ್ಟು ಹೆಚ್ಚುತ್ತದೆ.

ಬೆಳಗಾವಿ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪಯಣಿಸಿದರೆ ಈ ಅಳತೆಯ ಎರಡು ಬದಿಗಳನ್ನೂ ಕಾಣಬಹುದು. ಮಲಪ್ರಭೆಯು ಹುಟ್ಟುವ ಕಣಕುಂಬಿಯನ್ನೊಳಗೊಂಡ ಖಾನಾಪುರ ತಾಲೂಕು ಸಹ್ಯಾದ್ರಿಯ ಮಡಿಲಲ್ಲಿದೆ. ಅಲ್ಲಿ ಸುರಿಯುವ ಭಾರಿ ಮಳೆಯು ಸುಣ್ಣ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಮಣ್ಣಿನಿಂದ ತೊಳೆದು ಒಯ್ಯುತ್ತದೆ. ಉಳಿಯುವುದು ಕಬ್ಬಿಣ, ಅಲ್ಯುಮಿನಿಯಂಗಳಿಂದ ಕೂಡಿದ ಕೆಂಪು ಜಂಬಿಟ್ಟಿಗೆ ಮಣ್ಣು. ಅದು ಹುಳಿ ಮಣ್ಣು. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಗೋಕಾಕ, ಮೂಡಲಗಿಗಳ ಎರೆ ಭೂಮಿಯಲ್ಲಿ ಸುಣ್ಣವು ತೊಳೆದು ಹೋಗದೆ ಬಿಳಿಯ ಹರಳುಗಳಾಗಿ ಮಣ್ಣಿನಲ್ಲಿಯೇ ಉಳಿಯುತ್ತದೆ. ಅಂತಹ ಹರಳನ್ನು ಪುಡಿ ಮಾಡಿ ಅದರ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಸಣ್ಣಗೆ ನೊರೆಯೇಳುವುದನ್ನು ನೀವೇ ನೋಡಬಹುದು. ಅದು ಕ್ಷಾರಗುಣದ ಮಣ್ಣು.

ಹುಳಿ ಹೆಚ್ಚಿದ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬೇರಿನ ತುದಿಗೆ ವಿಷವಾಗುತ್ತದೆ, ಬೇರುಗಳು ಮೊಂಡಾಗುತ್ತವೆ. ರಂಜಕವು ಕಬ್ಬಿಣ, ಅಲ್ಯುಮಿನಿಯಂಗಳೊಡನೆ ಸೇರಿ ಕರಗದ ವಸ್ತುವಾಗುತ್ತದೆ. ದ್ವಿದಳ ಬೆಳೆಗಳ ಬೇರುಗಂಟಿನಲ್ಲಿದ್ದು ಸಾರಜನಕವನ್ನು ಹಿಡಿದಿಡುವ ಜೀವಾಣುಗಳು ಸೊರಗುತ್ತವೆ. ಕ್ಷಾರ ಮಣ್ಣಿನ ಕಥೆ ಬೇರೆ. ಅಲ್ಲಿ ರಂಜಕವನ್ನು ಸುಣ್ಣವು ಬಂಧಿಸುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್‌ಗಳು ಕರಗದೆ ನಿಲ್ಲುತ್ತವೆ. ರಸಸಾರವು ಒಂದು ಮೆಟ್ಟಿಲೇರಿದರೆ ಕರಗುವ ಫೆರಿಕ್ ಕಬ್ಬಿಣವು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಕಬ್ಬಿನ ಗರಿ ಹಳದಿಯಾಗುವ ಗುಟ್ಟು ಇದೇ. ಅಂತಹ ನೆಲದ ಮೇಲೆ ಚೆಲ್ಲಿದ ಯೂರಿಯಾದ ಸಾರಜನಕದಲ್ಲಿಯೂ ಒಂದು ಭಾಗ ಅಮೋನಿಯ ಅನಿಲವಾಗಿ ಗಾಳಿಯ ಪಾಲಾಗುತ್ತದೆ. ಹೆಚ್ಚಿನ ಪೋಷಕಾಂಶಗಳು ಬೆಳೆಗೆ ಸುಲಭವಾಗಿ ಒದಗುವುದು ರಸಸಾರವು 6.5ರಿಂದ 7.5ರವರೆಗೆ ಇರುವಾಗ.

ಸ್ವಭಾವದಿಂದ ಬಂದ ಕ್ಷಾರಕ್ಕೆ ಮನುಷ್ಯನ ಅತಿಯಾಸೆಯೂ ಸೇರಿದರೆ ಕೇಡು ಇಮ್ಮಡಿಯಾಗುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಹಾಗೂ ಧೂಪದಾಳದ ಒಡ್ಡಿನಿಂದ ಹರಿದ ಘಟಪ್ರಭೆಯ ನೀರು ಈ ನಾಡಿನ ಬಡತನವನ್ನು ನೀಗಿತು. ಆದರೆ ಎರೆ ಮಣ್ಣು ನೀರನ್ನು ಬೇಗ ಬಸಿಯಗೊಡುವುದಿಲ್ಲ. ಮಿತಿಮೀರಿ ನೀರುಣಿಸಿದರೆ ಅಂತರ್ಜಲ ಮೇಲೇರುತ್ತದೆ, ನೆಲ ಜವುಳಾಗುತ್ತದೆ. ಬಿಸಿಲಿಗೆ ನೀರು ಆರಿದಾಗ ಅದು ಹೊತ್ತು ತಂದ ಲವಣ ಮೇಲೆ ಬಿಳಿಯ ಪದರವಾಗಿ ನಿಲ್ಲುತ್ತದೆ. ಅದೇ ಸವುಳು ಭೂಮಿ. ಲವಣಗಳಲ್ಲಿ ಸೋಡಿಯಂ ಪ್ರಬಲವಾದರೆ ರಸಸಾರವು 8.5ನ್ನು ದಾಟುತ್ತದೆ, ಮಣ್ಣಿನ ಕಣಗಳು ಚದುರಿ, ಒದ್ದೆಯಾದಾಗ ಕೆಸರಾಗಿ, ಒಣಗಿದಾಗ ಕಲ್ಲಾಗಿ, ಬೇರಿಗೆ ಉಸಿರಾಡಲು ಗಾಳಿಯೂ ಇಲ್ಲದಂತಾಗುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ರೋಗವನ್ನರಿತು ಮದ್ದು ಕೊಡಬೇಕು. ಖಾನಾಪುರದ ಹುಳಿ ಮಣ್ಣಿಗೆ ಸುಣ್ಣ ಹಿತ. ಗೋಕಾಕದ ಸುಣ್ಣಗಲ್ಲಿನ ಎರೆಗೆ ಅದೇ ಸುಣ್ಣ ಹಾನಿ. ಸೋಡಿಯಂ ತುಂಬಿದ ನೆಲಕ್ಕೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಹೊರದೂಡುತ್ತದೆ. ಆದರೆ ಹೊರಬಂದ ಲವಣ ಹೊಲದಾಚೆ ಹೋಗಲು ಬಸಿಗಾಲುವೆ ಇಲ್ಲದಿದ್ದರೆ ಆ ಶ್ರಮವೆಲ್ಲ ವ್ಯರ್ಥ. ಕಬ್ಬಿಣದ ಕೊರತೆಯಿಂದ ಹಳದಿಯಾದ ಬೆಳೆಗೆ ಅನ್ನಭೇದಿಯನ್ನು ಲೀಟರು ನೀರಿಗೆ 5 ಗ್ರಾಮಿನಂತೆ ಕರಗಿಸಿ ಎಲೆಗಳ ಮೇಲೆ ಸಿಂಪಡಿಸುವುದುಂಟು. ಕೊಟ್ಟಿಗೆ ಗೊಬ್ಬರ ಹಾಗೂ ಸೆಣಬಿನಂತಹ ಹಸಿರೆಲೆ ಗೊಬ್ಬರಗಳು ಎರಡು ಬಗೆಯ ಮಣ್ಣಿಗೂ ಬೆಂಬಲ ನೀಡುತ್ತವೆ.

ಯಾವ ಮದ್ದು ಎಂಬುದು ಊಹೆಯಿಂದ ತಿಳಿಯದು, ಪರೀಕ್ಷೆಯೇ ದಾರಿ. ಹೊಲದ ಹಲವು ಕಡೆ ಅರ್ಧ ಅಡಿ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಬದು, ತಿಪ್ಪೆ, ಮರದಡಿಯ ಮಣ್ಣು ಸಲ್ಲದು. 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಚೀಟಿಯ ಯೋಜನೆಯಲ್ಲಿ ರಸಸಾರವೂ ಸೇರಿ 12 ಅಂಶಗಳ ವಿವರವನ್ನು ರೈತನಿಗೆ ಕೊಡಲಾಗುತ್ತದೆ. ಅರಭಾವಿ, ಸಂಕೇಶ್ವರಗಳ ಕೃಷಿ ಸಂಶೋಧನಾ ಕೇಂದ್ರಗಳು ಈ ಭಾಗದ ರೈತರಿಗೆ ಹತ್ತಿರದಲ್ಲಿಯೇ ಇವೆ. ಅಕ್ಷರ ಬಲ್ಲ ನೀವು ಮನೆಯ ಹಿರಿಯರೊಡನೆ ಕುಳಿತು ಆ ಚೀಟಿಯನ್ನು ಓದಿ ಹೇಳಿದರೆ, ಮುಂದಿನ ಚೀಲ ಗೊಬ್ಬರ ಕೊಳ್ಳುವ ಮೊದಲು ಅವರು ಒಮ್ಮೆ ಯೋಚಿಸಿಯಾರು.

ಅಭ್ಯಾಸ

1. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕಬ್ಬಿನ ಗರಿ ಹಳದಿಯಾಗುವುದೇಕೆ?
2. ಖಾನಾಪುರದ ಮಣ್ಣಿಗೂ ಗೋಕಾಕದ ಮಣ್ಣಿಗೂ ಇರುವ ವ್ಯತ್ಯಾಸವನ್ನು ಕಾರಣಸಹಿತ ವಿವರಿಸಿರಿ.
3. ಬಸಿಗಾಲುವೆಯಿಲ್ಲದೆ ಜಿಪ್ಸಂ ಹಾಕುವುದು ಏಕೆ ವ್ಯರ್ಥ?
4. ಸ್ವಂತ ವಾಕ್ಯದಲ್ಲಿ ಬಳಸಿರಿ: ಕಣಜ, ಇಮ್ಮಡಿ, ನಿದರ್ಶನ.