ಹಳೆಯದು ನೆನಪಿದೆ, ಬೆಳಗಿನದು ಮರೆತಿದೆ

ಹಳ್ಳಿಮೈಸೂರಿನ ಕಡೆಯ ಮದುವೆಮನೆಗಳಲ್ಲಿ ನೀವೂ ನೋಡಿರಬಹುದು. ಎಂಬತ್ತರ ಅಜ್ಜಿ ಸೋಬಾನೆ ಪದವನ್ನು ಒಂದು ನುಡಿಯೂ ತಪ್ಪದೆ ಹೇಳುತ್ತಾರೆ; ಆದರೆ ಆಗತಾನೆ ಕಾಫಿ ಕುಡಿದದ್ದನ್ನು ಮರೆತು ಮತ್ತೆ ಕೇಳುತ್ತಾರೆ. "ಅರವತ್ತಕ್ಕೆ ಅರಳು ಮರಳು, ಹಳೆಯದೆಲ್ಲ ನೆನಪಿದೆಯಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಇದು ಸರಿಯಲ್ಲ.

ಹೊಸ ಅನುಭವ ನೆನಪಾಗಿ ಉಳಿಯಲು ಮಿದುಳಿನ ಒಳಗಿರುವ 'ಹಿಪೊಕ್ಯಾಂಪಸ್' ಎಂಬ ಭಾಗ ಬೇಕು. ಮತ್ತೆ ಮತ್ತೆ ನೆನೆದಂತೆ, ನಿದ್ರೆಯಲ್ಲಿಯೂ, ಆ ನೆನಪು ನಿಧಾನವಾಗಿ ಮಿದುಳಿನ ಹೊರಪದರದಲ್ಲಿ ನೆಲೆಯೂರುತ್ತದೆ. ನೂರಾರು ಸಲ ಹಾಡಿದ ಪದ ಹೀಗೆ ಬೇರುಬಿಟ್ಟಿರುತ್ತದೆ. 1953ರಲ್ಲಿ ಅಮೆರಿಕದಲ್ಲಿ ಮೂರ್ಛೆರೋಗದ ಚಿಕಿತ್ಸೆಗೆಂದು ಹೆನ್ರಿ ಮೊಲೈಸನ್ ಎಂಬವರ ಹಿಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದರು. ಅವರಿಗೆ ಬಾಲ್ಯದ ನೆನಪು ಉಳಿಯಿತು, ಹೊಸದು ನಿಲ್ಲಲಿಲ್ಲ. ಆಲ್ಜೈಮರ್ ಕಾಯಿಲೆಯೂ ಸಾಮಾನ್ಯವಾಗಿ ಈ ಭಾಗದ ಸುತ್ತಲೇ ಮೊದಲು ಹಾನಿ ಮಾಡುತ್ತದೆ.

ಆದ್ದರಿಂದ ಹಳೆಯ ನೆನಪನ್ನು ನಂಬಿ ಕೂರಬೇಡಿ. ಹಿರಿಯರು ಕೇಳಿದ್ದನ್ನೇ ಕೇಳುತ್ತಿದ್ದರೆ, ಪರಿಚಿತ ದಾರಿ ತಪ್ಪಿದರೆ, ಹೊಳೆನರಸೀಪುರದ ಅಥವಾ ಹಾಸನದ ಆಸ್ಪತ್ರೆಯಲ್ಲಿ ತೋರಿಸಿ. ಬಿ12 ಜೀವಸತ್ವದ ಕೊರತೆ, ಥೈರಾಯಿಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಅವರು ಮತ್ತೆ ಕೇಳಿದಾಗ ರೇಗದೆ ಉತ್ತರಿಸಿ; ಬೇಕೆಂದೇ ಕೇಳುತ್ತಿಲ್ಲ.