ಮೊದಲು ಮನೆ, ಆಮೇಲೆ ಮಂಚ

ಹಳೆಯ ಪೀಠೋಪಕರಣ ಕೊಳ್ಳಲು ಹೊರಟವರು ಅಂಗಡಿಯವನನ್ನು ಮೊದಲು ಕೇಳುವುದು ‘ಇದು ಎಷ್ಟು ವರ್ಷದ್ದು?’ ಎಂದು. ಆಮೇಲೆ, ‘ಯಾವ ಮರ?’ ಎರಡಕ್ಕೂ ಉತ್ತರ ಸಿದ್ಧವಾಗಿಯೇ ಇರುತ್ತದೆ: ನೂರೈವತ್ತು ವರ್ಷ, ಬರ್ಮಾ ತೇಗ. ಕಾರೈಕುಡಿಯ ಅಂಗಡಿ ಸಾಲಿರಲಿ, ಕೊಚ್ಚಿಯ ಮಟ್ಟಾಂಚೇರಿ ಇರಲಿ, ಮುಂಬೈಯ ಚೋರ್ ಬಜಾರ್ ಇರಲಿ, ಈ ಮಾತು ಹೆಚ್ಚು ಬದಲಾಗುವುದಿಲ್ಲ. ಹಳೆಯ ಸಾಮಾನುಗಳನ್ನು ನೋಡುತ್ತ, ಮುಟ್ಟುತ್ತ ನಾನು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ವಸ್ತುವಿನ ವಯಸ್ಸನ್ನು ಕೇಳುವ ಮೊದಲು ನಮ್ಮ ಮನೆಯನ್ನು ಕೇಳಬೇಕು. ಇದಕ್ಕೆ ಇಲ್ಲಿ ಜಾಗವಿದೆಯೆ, ಮಾಡಲು ಕೆಲಸವಿದೆಯೆ, ಇಲ್ಲಿನ ಹವೆ ಒಗ್ಗುತ್ತದೆಯೆ? ಈ ಮೂರಕ್ಕೂ ಹೌದೆನ್ನಲು ಆಗದಿದ್ದರೆ, ತೇಗವಾದರೇನು, ಬೀಟೆಯಾದರೇನು, ಅದು ದುಬಾರಿ ಅಡಚಣೆ ಅಷ್ಟೆ.

ಹಳೆಯ ಪೀಠೋಪಕರಣ ಯಾವ ಮನೆಗೆಂದು ಹುಟ್ಟಿತು ಎಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ನಮ್ಮ ತೊಟ್ಟಿಮನೆಗಳಲ್ಲಿ ಇಂಥ ಸಾಮಾನು ಕಡಿಮೆಯೇ. ಕೂರಲು ಜಗಲಿ, ಚಾಪೆ, ಊಟಕ್ಕೆ ಮಣೆ, ಬಟ್ಟೆಬರೆಗೆ ಪೆಟ್ಟಿಗೆ, ಭತ್ತಕ್ಕೆ ಕಣಜ ಅಥವಾ ಪತ್ತಾಯ. ಲೆಕ್ಕ ಬರೆಯುವ ಮೇಜು ಗಿಡ್ಡ, ಏಕೆಂದರೆ ಬರೆಯುವವರು ನೆಲದ ಮೇಲೆ ಕೂರುತ್ತಿದ್ದರು. ಎತ್ತರದ ಕುರ್ಚಿ, ಊಟದ ಮೇಜು, ಕನ್ನಡಿ ಬೀರು ಇವೆಲ್ಲ ಮನೆಮನೆಗೆ ಹಬ್ಬಿದ್ದು ಬ್ರಿಟಿಷರ ಕಾಲದಲ್ಲಿ, ಬಂಗಲೆ, ಕಚೇರಿ, ಕಾಫಿ ಎಸ್ಟೇಟುಗಳ ದಾರಿಯಾಗಿ. ಅವುಗಳ ಅಳತೆಯೂ ಆ ಬಂಗಲೆಗಳದ್ದೇ. ಸೊಳ್ಳೆಪರದೆಯ ಕಂಬಗಳಿರುವ ಮಂಚಕ್ಕೆ ಎತ್ತರದ ಮಾಳಿಗೆ ಬೇಕು. ಹತ್ತು ಅಡಿ ಎತ್ತರದೊಳಗಿನ ಫ್ಲಾಟಿನಲ್ಲಿ ಆ ಕಂಬಗಳ ತುದಿಗೂ ತಿರುಗುವ ಫ್ಯಾನಿಗೂ ನಡುವೆ ಎಷ್ಟು ಅಂತರ ಉಳಿಯುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು. ಕೊಡಗು, ಚಿಕ್ಕಮಗಳೂರಿನ ತೋಟದ ಬಂಗಲೆಗಳ ಪ್ಲಾಂಟರ್ಸ್ ಕುರ್ಚಿಯೂ ಹಾಗೆಯೇ. ಕಾಲು ಚಾಚಲು ಅದರ ಉದ್ದ ಕೈಗಳನ್ನು ಹೊರಕ್ಕೆ ತಿರುಗಿಸಿದರೆ ಐದು ಅಡಿಗೂ ಮಿಕ್ಕಿ ಜಾಗ ಬೇಕು. ವರಾಂಡದಲ್ಲಿ ಅದು ಸುಖಾಸನ. ಹತ್ತು-ಹನ್ನೆರಡು ಅಡಿಯ ಹಾಲಿನಲ್ಲಿ ಎಲ್ಲರೂ ದಾಟಿಕೊಂಡು ಓಡಾಡಬೇಕಾದ ಅಡ್ಡಗೋಡೆ.

ಕಣ್ಣಳತೆ ಸಾಲದು ಎನ್ನುವುದಕ್ಕೆ ಬೀರು ಒಳ್ಳೆಯ ಉದಾಹರಣೆ. ಹ್ಯಾಂಗರಿನಲ್ಲಿ ಅಂಗಿ ತೂಗುಹಾಕಲು ಒಳಗೆ ಇಪ್ಪತ್ತೆರಡು ಅಂಗುಲದಷ್ಟಾದರೂ ಆಳ ಬೇಕು. ಮಡಿಸಿಟ್ಟ ಸೀರೆ, ಪಂಚೆಗಳಿಗೆಂದು ಮಾಡಿದ ಎಷ್ಟೋ ಹಳೆಯ ಬೀರುಗಳಲ್ಲಿ ಅಷ್ಟು ಆಳವಿರುವುದಿಲ್ಲ. ಅವುಗಳಲ್ಲಿ ಪುಸ್ತಕವನ್ನೋ ಪಾತ್ರೆಯನ್ನೋ ಇಡುತ್ತೇವೆಂದು ಮೊದಲೇ ತೀರ್ಮಾನಿಸಿ ಕೊಂಡರೆ ಚೆನ್ನ. ಹಳೆಯ ಮಂಚಗಳಿಗೆ ಇಂದಿನ ಹಾಸಿಗೆಯ ಅಳತೆ ಕೂಡುವುದಿಲ್ಲ, ಹಾಸಿಗೆಯನ್ನು ಬೇರೆಯೇ ಹೊಲಿಸಬೇಕು. ಮಂಚ ತೀರ ಎತ್ತರವಾದರೆ ಮಂಡಿ ನೋವಿನ ಹಿರಿಯರಿಗೆ ಹತ್ತಿಳಿಯುವುದೇ ಕಷ್ಟ. ಊಟದ ಮೇಜಿಗೂ ಕುರ್ಚಿಯ ಆಸನಕ್ಕೂ ನಡುವೆ ಹತ್ತು-ಹನ್ನೆರಡು ಅಂಗುಲ ಇರಬೇಕು. ಒಂದೂರಿನ ಮೇಜು, ಇನ್ನೊಂದೂರಿನ ಕುರ್ಚಿ ಜೋಡಿಸುವವರು ಇದನ್ನೇ ಮರೆಯುತ್ತಾರೆ. ಇವೆಲ್ಲಕ್ಕಿಂತ ಮೊದಲು ಬಾಗಿಲು, ಮೆಟ್ಟಿಲ ತಿರುವು, ಲಿಫ್ಟು. ಬೆಣೆ, ಬೋಲ್ಟು ತೆಗೆದರೆ ಬಿಡಿಯಾಗುವ ಮಂಚ ಎಲ್ಲಿಗಾದರೂ ಹೋದೀತು. ಒಂದೇ ತುಂಡಿನಂತೆ ಕೂಡಿಸಿದ ಬೀರು ಮೂರನೆಯ ಮಹಡಿಯ ಮೂರಡಿ ಬಾಗಿಲ ಮುಂದೆ ನಿಂತುಬಿಡುತ್ತದೆ.

ಇಲ್ಲೊಂದು ಆಕ್ಷೇಪ ಬರುತ್ತದೆ. ಟೇಪು ಹಿಡಿದು ಆರಿಸಿದರೆ ಚೆಲುವಿಗೆ ಬೆಲೆಯೇ ಇಲ್ಲವೆ? ಎಲ್ಲರೂ ಹೀಗೆ ಅಳೆದು ಬೇಡವೆಂದರೆ ಹಳೆಯದನ್ನು ಉಳಿಸುವವರು ಯಾರು? ಉಳಿಸುವ ಕೆಲಸ ದೊಡ್ಡದೇ, ಆದರೆ ಅದು ಬೇರೆಯ ಕೆಲಸ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿ. ಅಳಿಯಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಲ್ಲಿನ ಸಾಮಾನು ಸೊಗಸಾಗಿ ಕಾಣುವುದು ಅದರ ಸುತ್ತ ಅದಕ್ಕೆ ತಕ್ಕ ಮನೆಯೇ ಇರುವುದರಿಂದ. ನಾವು ಮಂಚವೊಂದನ್ನು ಮಾತ್ರ ತಂದು, ಮಾಳಿಗೆ ಸಾಲದೆಂದು ಕಂಬ ಕೊಯ್ದು, ಎತ್ತರ ಹೆಚ್ಚೆಂದು ಕಾಲು ಕತ್ತರಿಸಿದರೆ ಉಳಿಸಿದ್ದೇನು? ಕೆತ್ತಿದ ಬಾಗಿಲನ್ನು ಕುಯ್ಯದೆ ಗಾಜಿನ ಕೆಳಗಿಟ್ಟು ಟೀಪಾಯಿ ಮಾಡಿದರೆ ನನ್ನ ತಕರಾರಿಲ್ಲ, ಅದು ನಾಳೆ ಮತ್ತೆ ಬಾಗಿಲಾಗಬಹುದು. ಗರಗಸ ಹಾಕಿದ್ದು ಮರಳಿ ಬರುವುದಿಲ್ಲ. ಚೆಲುವಿನ ಮಾತಿಗೆ ಬಂದರೆ, ಇಕ್ಕಟ್ಟಿನ ಕೋಣೆಯಲ್ಲಿ ಐದು ಹಳೆಯ ಸಾಮಾನು ತುರುಕಿದಾಗ ಕಣ್ಣಿಗೆ ಒಂದೂ ಕಾಣುವುದಿಲ್ಲ. ಬಿಳಿಗೋಡೆಯ ಮುಂದೆ, ಸುತ್ತ ಜಾಗ ಬಿಟ್ಟು ಇಟ್ಟ ಒಂದೇ ಒಂದು ಬೀಟೆಯ ಪೆಟ್ಟಿಗೆ ಇಡೀ ಕೋಣೆಯನ್ನು ತುಂಬುತ್ತದೆ.

ಮನೆ ಒಪ್ಪಿದ ಮೇಲೆ ವಯಸ್ಸಿನ ವಿಚಾರಣೆ ನಡೆಯಲಿ. ಇದರಲ್ಲಿ ಮಾರುವವನ ಬಾಯಿಗಿಂತ ಸಾಮಾನಿನ ಬೆನ್ನು, ಹೊಟ್ಟೆ ಹೆಚ್ಚು ನಂಬಿಕಸ್ಥ. ಸೆಳೆಖಾನೆಯನ್ನು ಪೂರ್ತಿ ಹೊರಗೆಳೆದು ಮೂಲೆಯ ಕಚ್ಚುಗಳನ್ನು ನೋಡಿ: ಕೈಯಿಂದ ಕೊರೆದವು ಒಂದರಂತೆ ಒಂದಿರುವುದಿಲ್ಲ, ಯಂತ್ರದವು ಅಚ್ಚು ಹೊಡೆದಂತಿರುತ್ತವೆ. ಹಿಂಬದಿಯ ಹಲಗೆಗೆ ಹಳೆಯ ಬಡಗಿ ನುಣುಪು ಕೊಡುತ್ತಿರಲಿಲ್ಲ. ಬೆರಳಾಡಿಸಿದರೆ ಉಜ್ಜುಗೊರಡು ಓಡಿದ ಏರಿಳಿತ ಸಿಗುತ್ತದೆ. ‘ಸ್ಟಾರ್’ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಆದ್ದರಿಂದ ನೂರೈವತ್ತು ವರ್ಷದ ಬೀರುವಿನ ತುಂಬ ಅದೇ ಇದ್ದರೆ ಒಂದೋ ರಿಪೇರಿಯಾಗಿದೆ, ಇಲ್ಲವೇ ಕಥೆ ಹೊಸದು. ನನಗೆ ತುಂಬ ಇಷ್ಟವಾದ ಪರೀಕ್ಷೆ ದುಂಡು ಮೇಜಿನದು. ಮರ ಎಳೆಯ ಉದ್ದಕ್ಕೆ ಸಂಕುಚಿಸುವುದು ತೀರ ಕಡಿಮೆ, ಅಡ್ಡಕ್ಕೆ ಹೆಚ್ಚು. ಹೀಗಾಗಿ ಇಡಿಮರದ ಹಳೆಯ ದುಂಡು ಮೇಜು ಕಾಲ ಕಳೆದಂತೆ ತುಸು ಅಂಡಾಕಾರಕ್ಕೆ ತಿರುಗಿರುತ್ತದೆ. ಎರಡೂ ದಿಕ್ಕಿನಲ್ಲಿ ಅಳೆದರೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ತೊಲೆ, ಬಾಗಿಲುಗಳ ಮರದಿಂದ ಹೊಸದಾಗಿ ಮಾಡಿದ ಸಾಮಾನೂ ಬೇಕಾದಷ್ಟಿದೆ. ಅದನ್ನು ಹಾಗೆಂದೇ ಹೇಳಿ ಮಾರಿದರೆ ಮೋಸವೇನಿಲ್ಲ, ನಮ್ಮ ಅಳತೆಗೆ ಮಾಡಿಸಿಕೊಳ್ಳುವ ಅನುಕೂಲವೂ ಉಂಟು; ಆದರೆ ಪುರಾತನದ ಬೆಲೆ ಕೊಡಬಾರದು.

ಹವೆಯ ವಿಷಯ ಇಷ್ಟೇ: ಕರಾವಳಿಯ ತೇವಕ್ಕೆ ಒಗ್ಗಿದ ಮರ ಬೆಂಗಳೂರಿನ ಏಸಿ ಕೋಣೆಗೆ ಬಂದರೆ ಒಣಗಿ ಸೀಳಬಹುದು, ಬೆತ್ತದ ಹೆಣಿಗೆ ಪೆಡಸಾಗಿ ತುಂಡಾಗಬಹುದು. ಕುಟ್ಟೆ ಹುಳುವಿನ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ತೂತು ಕಂಡಾಕ್ಷಣ ಹೆದರಬೇಕಿಲ್ಲ, ಅದು ಎಂದೋ ಹಾರಿಹೋದ ಹುಳುವಿನ ಗುರುತಿರಬಹುದು. ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಉದುರಿದ್ದರೆ ಹುಳು ಇನ್ನೂ ಒಳಗಿದೆ, ಮದ್ದು ಹಾಕಿಸದೆ ಮನೆಯೊಳಗೆ ತರಬಾರದು. ತೇಗದ ಚೇಗಿಗೆ ಇದರ ಕಾಟ ಕಡಿಮೆ, ಹೊರಗಿನ ಬಿಳಿಭಾಗಕ್ಕೆ ಹೆಚ್ಚು. ಬಣ್ಣ ಬಳಿದ ಹಳೆಯ ತೊಟ್ಟಿಲಿನ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷಕ್ಕೆ 90 ಭಾಗ ಎಂದು ನಮ್ಮಲ್ಲಿ ಕಡ್ಡಾಯ ಮಾಡಿದ ನಿಯಮ 2016ರದ್ದು, ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಮಗು ಕಚ್ಚುವುದು ಬೇಡ. ಅಂಥ ತೊಟ್ಟಿಲನ್ನು ನೋಡಲಷ್ಟೇ ಇಡಿ.

ಬೇರೆಯವರ ಮನೆಯ ಮಂಚ, ಕನ್ನಡಿ ತರಬಾರದೆಂದು ಹಿರಿಯರು ಹೇಳುತ್ತಾರೆ. ಇದನ್ನು ವಾದಿಸಿ ಗೆಲ್ಲಲು ಹೋಗುವುದು ವ್ಯರ್ಥ. ಮನೆಯಲ್ಲಿ ಒಬ್ಬರಿಗೆ ನಿದ್ದೆ ಬಾರದಂತೆ ಮಾಡುವ ಮಂಚ ಆ ಮನೆಗೆ ಹೊಂದುವ ಮಂಚವಲ್ಲ. ಮೇಜು, ಕಪಾಟು ಸಾಕಷ್ಟಿವೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೆಲೆಯದು. ಒಪ್ಪುತ್ತೇನೆ, ಸಾಗಣೆ, ಪಾಲಿಶ್, ಬೆತ್ತ ಹೆಣೆಸುವ ಕೂಲಿ ಸೇರಿದರೆ ಹಳೆಯದು ಅಗ್ಗವಲ್ಲ. ಆದರೆ ಕಚ್ಚು, ಬೆಣೆಗಳಿಂದ ಕೂಡಿಸಿದ ಇಡಿಮರದ ಸಾಮಾನನ್ನು ಬಿಚ್ಚಬಹುದು, ಸರಿಪಡಿಸಬಹುದು, ಮತ್ತೆ ಮಾರಬಹುದು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡಿಗೆ ಯಾವ ಬಡಗಿಯೂ ಮದ್ದು ಹೇಳಲಾರ. ಈ ವಾದ ನಿಲ್ಲುವುದು ಮಾತ್ರ ಸಾಮಾನು ದಿನವೂ ಬಳಕೆಯಲ್ಲಿದ್ದಾಗ. ಮೂಲೆಯಲ್ಲಿ ಧೂಳು ತಿನ್ನುವ ವಸ್ತುವಿಗೆ ಬಾಳಿಕೆಯ ಲೆಕ್ಕ ಹೇಳಿ ಪ್ರಯೋಜನವಿಲ್ಲ.

ಕೊಳ್ಳುವಾಗ ಮರದ ಹೆಸರು, ವಯಸ್ಸು, ಆಗಿರುವ ರಿಪೇರಿ ಮೂರನ್ನೂ ಬಿಲ್ಲಿನಲ್ಲಿ ಬರೆಸಿ. 1972ರ ಪುರಾವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಅವನ್ನು ಖಾಸಗಿಯಾಗಿ ವಿದೇಶಕ್ಕೆ ಒಯ್ಯುವಂತಿಲ್ಲ. ಬೀಟೆ ಮರ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ಅಮೆರಿಕ, ದುಬೈಗಳಲ್ಲಿರುವ ಕನ್ನಡಿಗರು ಇಲ್ಲಿಂದ ಸಾಮಾನು ಸಾಗಿಸುವ ಮೊದಲು ಇದನ್ನೆಲ್ಲ ವಿಚಾರಿಸಿಕೊಳ್ಳಬೇಕು. ಇನ್ನೊಂದು ಮನವಿ. ಊರಿನ ಮನೆ ಕೆಡವುವಾಗ ಅಟ್ಟದ ಪೆಟ್ಟಿಗೆ, ಗಲ್ಲಾಪೆಟ್ಟಿಗೆ, ಕಪಾಟುಗಳನ್ನು ಒಟ್ಟಾಗಿ ಗುಜರಿಯವರಿಗೆ ಕೊಟ್ಟು, ಅಂಥದ್ದನ್ನೇ ಪೇಟೆಯಲ್ಲಿ ಹತ್ತು ಪಟ್ಟು ಬೆಲೆಗೆ ಹುಡುಕುವವರು ನಮ್ಮಲ್ಲಿ ಕಡಿಮೆಯಿಲ್ಲ. ಕೊಡುವ ಮೊದಲು ಒಮ್ಮೆ ಅಟ್ಟ ಹತ್ತಿ ಅಳೆದು ನೋಡಿ. ನಿಮ್ಮ ಮನೆಗೆ ಹೊಂದುವುದು ಒಂದೇ ಇದ್ದರೂ ತನ್ನಿ, ಮಿಕ್ಕದ್ದು ನೆಂಟರಿಷ್ಟರಲ್ಲಿ ಯಾರಿಗಾದರೂ ಬೇಕೇನೋ ಕೇಳಿ.