ಬಾಲ್ಕನಿಯಿಂದ ಬಿದ್ದ ಬೆಕ್ಕಿಗೆ ಆಪರೇಷನ್ ಮಾಡಿಸಬೇಕೆ?

ಪತ್ರದ ಸಾರ: ಬೆಂಗಳೂರಿನ ಓದುಗರೊಬ್ಬರ ಒಂಬತ್ತು ವರ್ಷದ ಬೆಕ್ಕು ಮೂರನೇ ಮಹಡಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡಿದೆ. ವೈದ್ಯರು ಪ್ಲೇಟ್ ಹಾಕಬೇಕೆನ್ನುತ್ತಾರೆ. ಮನೆಯವರಿಗೆ ಅರಿವಳಿಕೆಯ ಭಯ.

ಪಶುವೈದ್ಯರ ಉತ್ತರ: ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನ್ ಆಗಿದೆಯೇ? ಬಿದ್ದ ಬೆಕ್ಕಿನ ಜೀವ ತೆಗೆಯುವುದು ಸಾಮಾನ್ಯವಾಗಿ ಮುರಿದ ಕಾಲಲ್ಲ; ಶ್ವಾಸಕೋಶದ ಪೆಟ್ಟು, ಹರಿದ ವಪೆ, ಒಡೆದ ಮೂತ್ರಕೋಶ. ಅವನ್ನು ಸರಿಪಡಿಸುವವರೆಗೆ ಮೂಳೆ ಒಂದೆರಡು ದಿನ ಕಾಯಬಹುದು. ನ್ಯೂಯಾರ್ಕ್‌ನ ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವರದಿ 1987ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಸಿಕ್ಕವುಗಳಲ್ಲಿ ಸುಮಾರು ಶೇ 90 ಉಳಿದವು. ಆಸ್ಪತ್ರೆ ತಲುಪದೆ ಸತ್ತವು ಆ ಲೆಕ್ಕದಲ್ಲಿಲ್ಲ, ಅದೂ ನೆನಪಿರಲಿ.

ವಯಸ್ಸೊಂದೇ ಅಡ್ಡಿಯಲ್ಲ. ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ. ಹೃದಯದಲ್ಲಿ ಅಸಹಜ ಸದ್ದಿದ್ದರೆ ಎಕೋ ಕೂಡ.

ಸೊಂಟದ ಮೂಳೆ ಬಿರುಕಾಗಿದ್ದರೆ ನಾಲ್ಕಾರು ವಾರ ಪಂಜರದಲ್ಲಿಟ್ಟು ನೋಡಬಹುದಿತ್ತು. ತೊಡೆಮೂಳೆಗೆ ಆ ದಾರಿ ಹೊಂದುವುದು ಅಪರೂಪ. ಪಟ್ಟಿ ಕಟ್ಟಿದರೆ ಕೆಳಗೆ ಜಾರಿ ಮುರಿದ ಜಾಗವನ್ನೇ ಎಳೆಯುತ್ತದೆ. ಪ್ಲೇಟ್‌ನ ಖರ್ಚು ಕೈಮೀರಿದರೆ ಕಾಲು ತೆಗೆಸುವುದೂ ಗೌರವದ ಆಯ್ಕೆಯೇ. ಮೂರು ಕಾಲಿನ ಬೆಕ್ಕು ಕಿಟಕಿ ಹತ್ತುವುದನ್ನು ಬಿಡುವುದಿಲ್ಲ.

ಅರಿವಳಿಕೆಯ ವೇಳೆ ನಿಗಾ ಇಡುವವರು ಯಾರು, ಶಸ್ತ್ರವೈದ್ಯರಿಗೆ ಬೆಕ್ಕಿನ ಮೂಳೆ ಕೂಡಿಸಿ ರೂಢಿಯಿದೆಯೇ, ಒಟ್ಟು ಖರ್ಚೆಷ್ಟು ಎಂದು ಕೇಳಿ. ಎರಡನೇ ಅಭಿಪ್ರಾಯಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ.

ನೋವಿಗೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ. ಬಾಯ್ತೆರೆದು ಉಸಿರಾಡಿದರೆ, ಒಸಡು ಬಿಳಿಚಿದರೆ, ಒಂದು ದಿನ ಮೂತ್ರ ಬಾರದಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಒಯ್ಯಿರಿ.